ಹದಿನೈದು ಪೈಸೆಯ ಉತ್ತರ

ನಮ್ಮಪ್ಪ ಹೊಳಲಿನಲ್ಲಿ ಟಪಾಲು ಹಂಚುತ್ತಿದ್ದ. ಖಾಕಿ ಚೀಲ, ಅಟ್ಲಾಸ್ ಸೈಕಲ್ಲು. ಮಳೆ ಬಂದರೆ ಇದ್ದೊಂದು ಪ್ಲಾಸ್ಟಿಕ್ ಹಾಳೆ ಕಾಗದಗಳಿಗೆ, ಅವನಿಗಲ್ಲ. ಆಗ ಊರಿನ ಎಷ್ಟೋ ಮನೆಗಳಲ್ಲಿ ಕಾಗದ ಕೈಗಿಟ್ಟರೆ ಕೆಲಸ ಮುಗಿಯುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಓದಿ ಹೇಳಬೇಕು, ಕೇಳಿದವರು ಅತ್ತರೆ ಸ್ವಲ್ಪ ಹೊತ್ತು ಸುಮ್ಮನಿರಬೇಕು, ಆಮೇಲೆ ಅವರ ಪರವಾಗಿ ಉತ್ತರವನ್ನೂ ಬರೆದುಕೊಡಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಯಾರಾದರೂ ಹೊಗಳಿದರೆ, "ನಂದೇನೈತಿ, ಊರಾಗಿನ ಮಂದಿ ಬರಸಿ ಬರಸಿ ತಿದ್ದ್ಯಾರ" ಅನ್ನುತ್ತಿದ್ದ.

ಮನೆಯಲ್ಲೊಂದು ಹಳೆಯ ಮರ್ಫಿ ರೇಡಿಯೊ ಇತ್ತು. ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸು ಬೇಕಿದ್ದ ಕಾಲ. ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಬೇಕು. ಊರಿನಲ್ಲಿ ಯಾರ ಯಾರ ಮನೆಯಲ್ಲಿ ರೇಡಿಯೊ ಇದೆ ಎಂದು ಅಪ್ಪನಿಗೆ ಗೊತ್ತಿರುತ್ತಿತ್ತು. ಅದರ ಬಗ್ಗೆ ಅವನಿಗೊಂದು ಸಮೀಪದ ಭಾವ. ಟಪಾಲಿನಂತೆ ಅದೂ ದೂರದಿಂದ ಸುದ್ದಿ ತರುತ್ತದೆ, ಆದರೆ ಚೀಲವಿಲ್ಲ, ಸೈಕಲ್ಲಿಲ್ಲ, ಹೊತ್ತು ತರುವವನು ಕಣ್ಣಿಗೆ ಕಾಣುವುದಿಲ್ಲ. ಸಂಜೆ ಧಾರವಾಡ ಕೇಂದ್ರ ಹಚ್ಚಿಟ್ಟು, ರೇಡಿಯೊದ ಹಿಂದಿನ ರಟ್ಟಿನ ತೂತುಗಳಲ್ಲಿ ಕಣ್ಣಿಟ್ಟು ನೋಡುತ್ತ ಕೂತಿದ್ದ ಅಪ್ಪನ ಚಿತ್ರ ನನ್ನಲ್ಲಿ ಈಗಲೂ ಇದೆ.

1992ರಲ್ಲಿ ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಅಪ್ಪ ತಿಂಗಳಿಗೊಂದು ಇನ್‌ಲ್ಯಾಂಡ್ ಬರೆಯುತ್ತಿದ್ದ. ಆಶೀರ್ವಾದ, ಮಳೆ, ಜೋಳ, ಮಲ್ಲಿಗೆಯ ದರ, ಎಮ್ಮೆಯ ಆರೋಗ್ಯ. ಒಂದು ಸಲ ಕೊನೆಯ ಮಡಿಕೆಯಲ್ಲಿ, ಅಂಟು ಹಚ್ಚುವ ಅಂಚಿನವರೆಗೂ ತುಂಬಿಸಿ, ಒಂದು ಪ್ರಶ್ನೆ ಬರೆದಿದ್ದ. ಕೆರೆಗೆ ಕಲ್ಲೊಗೆದರೆ ಅಲೆ ಏಳುವುದು ನೀರಿನಲ್ಲಿ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ 'ಸದ್ದಲೇ' ಅಂದು ಕಾರಣಿಕ ನುಡಿದರೆ ಆ ಮಾತನ್ನು ನಮ್ಮ ಕಿವಿಗೆ ಮುಟ್ಟಿಸುವುದು ಗಾಳಿ. ರೇಡಿಯೊದ್ದೂ ಅಲೆ ಅನ್ನುತ್ತೀರಿ. ಅದು ಯಾತರಲ್ಲಿ ಏಳುವ ಅಲೆ? ಗಾಳಿಯಲ್ಲಿ ಅನ್ನೋಣವೆಂದರೆ ಚಂದ್ರನ ಮೇಲೆ ಹೋದವರು ಅಲ್ಲಿಂದ ಮಾತಾಡಿದರಲ್ಲ, ನಡುವೆ ಗಾಳಿ ಎಲ್ಲಿದೆ? ತಿಳಿದವರನ್ನು ಕೇಳಿ ಬರಿ. ಇದಿಷ್ಟು ಪ್ರಶ್ನೆ.

ನಾನು ಬರೆದ ಉತ್ತರ ನನಗೆ ಬಾಯಿಪಾಠವಿದೆ. ಹದಿನೈದು ಪೈಸೆಯ ಪೋಸ್ಟ್ ಕಾರ್ಡಿನಲ್ಲಿ ನಾಲ್ಕು ಸಾಲು: 'ರೇಡಿಯೊ ಅಲೆಗೆ ಏನೂ ಬೇಡ. ಈಥರ್ ಇಲ್ಲವೆಂದು ನೂರು ವರ್ಷದ ಹಿಂದೆಯೇ ಸಿದ್ಧವಾಗಿದೆ. ಇದೆಲ್ಲ ಗಣಿತ, ನಿನಗೆ ಬಿಡಿಸಿ ಹೇಳುವುದು ಕಷ್ಟ. ಮುನ್ನೂರು ರೂಪಾಯಿ ಎಂ.ಒ. ಮಾಡು.'

ಪೋಸ್ಟ್ ಕಾರ್ಡನ್ನು ದಾರಿಯಲ್ಲಿ ಕಂಡವರೆಲ್ಲ ಓದುತ್ತಾರೆಂಬುದು ಟಪಾಲಿನವನ ಮಗನಿಗೆ ಗೊತ್ತಿರಲಿಲ್ಲವೆಂದರೆ ಯಾರೂ ನಂಬಲಾರರು. ಅಂದು ಅಪ್ಪ ಚಾದಂಗಡಿಯ ಬೆಂಚಿನ ಮೇಲೆ ಟಪಾಲು ಹೊಂದಿಸಿಕೊಳ್ಳುತ್ತ ಕೂತಿದ್ದನಂತೆ. ಕಾಗದಕ್ಕೆ ಕಾಯುತ್ತಿದ್ದ ಹಿರಿಯರೊಬ್ಬರು ಮೇಲಿದ್ದ ಕಾರ್ಡು ಎತ್ತಿ ಎಲ್ಲರಿಗೂ ಕೇಳುವ ಹಾಗೆ ಓದಿದರು. "ಮಗ ಭಾಳ ಶಾಣ್ಯಾ ಆಗ್ಯಾನಲೋ, ಅಪ್ಪಗ ತಿಳಿಯಂಗಿಲ್ಲ ಅಂತ ಬರದಾನ" ಎಂದು ಅವರು ಮೆಚ್ಚಿಗೆಯಿಂದಲೇ ಅಂದದ್ದು. ಎಲ್ಲರೂ ನಕ್ಕರು. ಅಪ್ಪನೂ ನಕ್ಕನಂತೆ. ಇದನ್ನು ಅವ್ವ ನನಗೆ ಹೇಳಿದ್ದು ಏಳೆಂಟು ವರ್ಷದ ಮೇಲೆ, ತಂಗಿಯ ಮದುವೆಯ ಗದ್ದಲದಲ್ಲಿ, ಬೇರೆ ಏನೋ ಮಾತಿನ ನಡುವೆ. ಕಾರ್ಡು ಮುಟ್ಟಿದ ಮೂರನೇ ದಿನಕ್ಕೆ ನನಗೆ ಮುನ್ನೂರು ರೂಪಾಯಿ ಬಂದಿತ್ತು. ಮನಿಯಾರ್ಡರಿನ ಕೂಪನ್ನಿನಲ್ಲಿ 'ಚೆನ್ನಾಗಿ ಓದು' ಎಂದಷ್ಟೇ ಇತ್ತು. ಆಮೇಲೆ ಅಪ್ಪ ನನ್ನನ್ನು ಭೌತಶಾಸ್ತ್ರದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮುಂದೆ ಸುಮಾರು ಮೂವತ್ತು ವರ್ಷ ನಾನು ಪಿಯು ಹುಡುಗರಿಗೆ ಪಾಠ ಮಾಡಿದೆ. ಈಥರ್ ವಿಷಯ ಬಂದರೆ ಎರಡು ನಿಮಿಷ. 'ಹಿಂದಿನವರು ಹೀಗೊಂದು ಮಾಧ್ಯಮವಿದೆ ಎಂದು ತಪ್ಪು ತಿಳಿದಿದ್ದರು, ಮೈಕೆಲ್ಸನ್ ಮತ್ತು ಮಾರ್ಲಿ ಪ್ರಯೋಗ ಮಾಡಿದರು, ಸಿಗಲಿಲ್ಲ, ಐನ್‌ಸ್ಟೈನ್ ಬಂದು ಕಿತ್ತುಹಾಕಿದ.' ಹುಡುಗರು ಬರೆದುಕೊಳ್ಳುತ್ತಿದ್ದರು. ಕೊರೋನಾ ಕಾಲದಲ್ಲಿ ಕಾಲೇಜು ಮುಚ್ಚಿ ಮನೆಯಲ್ಲಿ ಕೂತಾಗ ಆ 'ಹಿಂದಿನವರು' ಒಬ್ಬರಿಗೊಬ್ಬರು ಬರೆದುಕೊಂಡ ಪತ್ರಗಳನ್ನು ಓದತೊಡಗಿದೆ. ಯಾವ ಉದ್ದೇಶವೂ ಇರಲಿಲ್ಲ, ಹೊತ್ತು ಹೋಗಬೇಕಿತ್ತು. ಆದರೆ ಮೊದಲ ವಾರದಲ್ಲೇ ಒಂದು ಪತ್ರ ನನ್ನನ್ನು ಹಿಡಿದು ನಿಲ್ಲಿಸಿತು.

ಅದು 1857ರ ನವೆಂಬರ್ 13ರಂದು ಮೈಕೆಲ್ ಫ್ಯಾರಡೆ ಬರೆದದ್ದು. ಫ್ಯಾರಡೆಗೆ ಆಗ 66 ವರ್ಷ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ದುಡಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಬೆಳೆದವನು. ಗಣಿತ ಬರುತ್ತಿರಲಿಲ್ಲ. ಜಗತ್ತೇ ಮೆಚ್ಚಿದ ಪ್ರಯೋಗಗಳನ್ನು ಮಾಡಿದ ಮೇಲೂ ಬರಲಿಲ್ಲ. ಅತ್ತ ಕಡೆ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್, 26ರ ಹುಡುಗ, ಆಗಲೇ ಅಬರ್ಡೀನ್‌ನಲ್ಲಿ ಪ್ರೊಫೆಸರ್. ಫ್ಯಾರಡೆ ಕಬ್ಬಿಣದ ಪುಡಿ ಚೆಲ್ಲಿ ಕಣ್ಣಾರೆ ಕಂಡಿದ್ದ ಬಲರೇಖೆಗಳನ್ನು ಆ ಹುಡುಗ ಗಣಿತದಲ್ಲಿ ಬರೆದು ತೋರಿಸಿದ್ದ. ಅದನ್ನು ನೋಡಿ ಮೊದಲು ಹೆದರಿಕೆಯೇ ಆಯಿತು, ಆಮೇಲೆ ನನ್ನ ವಿಷಯ ಇಷ್ಟೊಂದು ಗಣಿತದ ಹೊಡೆತ ತಾಳಿಕೊಂಡಿತಲ್ಲ ಎಂದು ಸೋಜಿಗವಾಯಿತು ಎಂದು ಅದೇ ವರ್ಷದ ಮಾರ್ಚಿನಲ್ಲಿ ಫ್ಯಾರಡೆ ಅವನಿಗೆ ಬರೆದಿದ್ದ. ನವೆಂಬರಿನಲ್ಲಿ ಕೇಳಿದ್ದು ಇನ್ನೊಂದು. ಗಣಿತದವರು ಒಂದು ತೀರ್ಮಾನಕ್ಕೆ ಬಂದ ಮೇಲೆ ಅದನ್ನು ಎಲ್ಲರಾಡುವ ಮಾತಿನಲ್ಲಿ, ಅಷ್ಟೇ ಪೂರ್ತಿಯಾಗಿ, ಅಷ್ಟೇ ಸ್ಪಷ್ಟವಾಗಿ ಹೇಳಲು ಆಗದೇ? ನಿಮ್ಮ ಚಿತ್ರಲಿಪಿಯಿಂದ ಬಿಡಿಸಿ ಕೊಟ್ಟರೆ ನನ್ನಂಥವರೂ ಪ್ರಯೋಗ ಮಾಡಿ ನೋಡಬಹುದಲ್ಲ? ನೀನು ಬರೆದಾಗ ಮಾತ್ರ ನನಗೆ ಯಾವಾಗಲೂ ಅರ್ಥವಾಗಿದೆ ಎಂಬ ಮಾತೂ ಅದರಲ್ಲಿತ್ತು.

ಪುಸ್ತಕ ಮುಚ್ಚಿಟ್ಟು ಅಂಗಳಕ್ಕೆ ಹೋಗಿ ನಿಂತೆ. ಪ್ರಶ್ನೆ ಅದೇ. ಕೇಳಿದವನೂ ಹೆಚ್ಚುಕಡಿಮೆ ಅಂಥವನೇ. ಉತ್ತರ ಕೊಟ್ಟವನು ಮಾತ್ರ ಬೇರೆ.

ಆ ಉತ್ತರ ಹೇಗಿತ್ತೆಂದು ತಿಳಿಯಲು 1861ರ ಅಕ್ಟೋಬರ್ 19ರ ಪತ್ರ ನೋಡಬೇಕು. ಮ್ಯಾಕ್ಸ್‌ವೆಲ್ ಆ ಬೇಸಿಗೆಯನ್ನು ಸ್ಕಾಟ್ಲೆಂಡಿನ ತನ್ನ ಹಳ್ಳಿಮನೆ ಗ್ಲೆನ್‌ಲೇರ್‌ನಲ್ಲಿ ಕಳೆದಿದ್ದ. ಖಾಲಿ ಜಾಗವನ್ನೆಲ್ಲ ತುಂಬಿಕೊಂಡಿರುವ, ಸ್ಪ್ರಿಂಗಿನಂತೆ ಬಳುಕುವ, ಒಳಗೆ ಸಣ್ಣ ಸಣ್ಣ ಸುಳಿಗಳು ತಿರುಗುವ ಒಂದು ಮಾಧ್ಯಮವನ್ನು ಮನಸ್ಸಿನಲ್ಲೇ ಕಟ್ಟಿ, ಅದರಲ್ಲಿ ಒಂದು ಅಲುಗಾಟ ಎಷ್ಟು ವೇಗವಾಗಿ ಸಾಗಬಹುದೆಂದು ಲೆಕ್ಕ ಹಾಕಿದ್ದ. ಲೆಕ್ಕಕ್ಕೆ ಬೇಕಾದ ಅಂಕಿ ವೇಬರ್ ಮತ್ತು ಕೋಲ್‌ರೌಶ್ ಎಂಬ ಇಬ್ಬರು ಜರ್ಮನರ ವಿದ್ಯುತ್ ಪ್ರಯೋಗದ್ದು. ಬೆಳಕಿಗೂ ಆ ಪ್ರಯೋಗಕ್ಕೂ ಸಂಬಂಧವೇ ಇಲ್ಲ. ಸೆಕೆಂಡಿಗೆ 1,93,088 ಮೈಲಿ ಎಂದು ಬಂತು. ಫಿಜೋ ಎಂಬ ಫ್ರೆಂಚರವನು ನೇರವಾಗಿ ಅಳೆದ ಬೆಳಕಿನ ವೇಗ 1,93,118. ಇವೆರಡು ಇಷ್ಟು ಹತ್ತಿರವೆಂಬ ಸುಳಿವೇ ಇಲ್ಲದೆ ಹಳ್ಳಿಯಲ್ಲಿ ಕೂತು ಸಮೀಕರಣ ಮಾಡಿದ್ದೆ ಎಂದು ಆತ ಆಗ ಪತ್ರದಲ್ಲಿ ಹೇಳಿಕೊಂಡಿದ್ದಾನೆ. (ಇವತ್ತಿನ ಅಳತೆಗೆ ಹೋಲಿಸಿದರೆ ಎರಡೂ ಸುಮಾರು ಏಳು ಸಾವಿರ ಮೈಲಿ ಹೆಚ್ಚು. ತಪ್ಪುಗಳೂ ಕೈಕೈ ಹಿಡಿದು ಬಂದವು!) ಬೆಳಕು, ವಿದ್ಯುತ್ತು, ಕಾಂತ ಮೂರೂ ಒಂದೇ ಮಾಧ್ಯಮದ ಆಟ ಎಂಬ ಈ ಸುದ್ದಿಯನ್ನು, ಬೆಳಕಿನ ಚರಿತ್ರೆಯಲ್ಲೇ ಅಷ್ಟು ದೊಡ್ಡ ಸುದ್ದಿಯನ್ನು, ಗಣಿತ ಬಾರದ ಮುದುಕನಿಗೆ ಮಾತಿನಲ್ಲಿ ಬಿಡಿಸಿ ಬರೆದ.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಗಣಿತ ಬಾರದ ಫ್ಯಾರಡೆ 1846ರಲ್ಲೇ, ಗೆಳೆಯ ರಿಚರ್ಡ್ ಫಿಲಿಪ್ಸ್‌ಗೆ ಬರೆದ ಪತ್ರದ ರೂಪದಲ್ಲಿ ಅಚ್ಚಾದ ಒಂದು ಬರಹದಲ್ಲಿ, ನಡುಗುವುದು ಈಥರ್ ಅಲ್ಲ, ಬಲರೇಖೆಗಳೇ ಇರಬಹುದು. ನಡುಕ ಇರಲಿ, ಈಥರನ್ನು ಬಿಡೋಣ ಎಂದಿದ್ದ. ಅದು ಬರೀ ಊಹೆ ಎಂದು ತಾನೇ ಹೇಳಿಕೊಂಡಿದ್ದ. ಅರವತ್ತು ವರ್ಷದ ಮೇಲೆ ಭೌತಶಾಸ್ತ್ರ ಬಂದು ಮುಟ್ಟಿದ್ದು ಬಹುಮಟ್ಟಿಗೆ ಅಲ್ಲಿಗೇ. ನಡುವಿನ ಅರವತ್ತು ವರ್ಷ ಗಣಿತ ಬಲ್ಲವರು ಈಥರನ್ನು ಬಿಡಲಾರದೆ ಒದ್ದಾಡಿದರು.

ಒದ್ದಾಟ ಸಣ್ಣದಲ್ಲ. ಬೆಳಕಿನ ಅಲೆ ಹಗ್ಗ ಅಲುಗಿಸಿದಂತೆ ಅಡ್ಡಡ್ಡ ಆಡುತ್ತದೆ. ಅಡ್ಡಾಡುವ ಅಲೆ ತನ್ನೊಳಗೆ ಸಾಗಲು ವಸ್ತು ಗಟ್ಟಿಯಾಗಿರಬೇಕು. ಗಾಳಿಯಂಥದು, ನೀರಿನಂಥದು ಆಗುವುದಿಲ್ಲ. ಅದೂ ಅಷ್ಟು ವೇಗಕ್ಕೆ ಉಕ್ಕನ್ನೂ ಮೀರಿದ ಬಿಗಿ ಬೇಕು. ಆದರೆ ಭೂಮಿ ಅದೇ ವಸ್ತುವಿನ ನಡುವೆ ಸೆಕೆಂಡಿಗೆ 30 ಕಿಲೋಮೀಟರಿನಂತೆ ಓಡುತ್ತಿದೆ, ಒಂದಿಷ್ಟೂ ತಡೆಯಿಲ್ಲದೆ. ಚಪ್ಪಲಿ ಹೊಲಿಯುವವರ ಮೇಣ ನೋಡಿ, ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಒಡೆಯುತ್ತದೆ, ಬಿಟ್ಟರೆ ನಿಧಾನಕ್ಕೆ ಹರಿಯುತ್ತದೆ, ಈಥರೂ ಹಾಗಿರಬಹುದು ಎಂದು ಕೆಲ್ವಿನ್ ಉಪಮೆ ಕೊಟ್ಟ. ಈ ಮೇಣದ ಉಪಮೆ ಓದಿದಾಗ ನನಗೆ ನಗು ಬರಲಿಲ್ಲ. ಕೆರೆ, ಗಾಳಿ, ಗೊರವಯ್ಯ ಎಂದು ಬರೆದವನ ನೆನಪಾಯಿತು.

ಮ್ಯಾಕ್ಸ್‌ವೆಲ್, ಕೆಲ್ವಿನ್ ಮತ್ತು ಪೀಟರ್ ಟೇಟ್ ಮೂವರೂ ಪೋಸ್ಟ್ ಕಾರ್ಡಿನ ಹುಚ್ಚರು. ಬ್ರಿಟನ್ನಿನಲ್ಲಿ 1870ರಲ್ಲಿ ಅರ್ಧ ಪೆನ್ನಿಯ ಕಾರ್ಡು ಬಂದದ್ದೇ ತಡ, ಹರಿದಾಡಿಸಿದರು. ಇಬ್ಬರು ಟಿ, ಒಬ್ಬ 'ಡಿಪಿ ಬೈ ಡಿಟಿ'. ಮ್ಯಾಕ್ಸ್‌ವೆಲ್ ಸಹಿಯೇ ಅದು, ಟೇಟ್ ಪುಸ್ತಕದ ಒಂದು ಸಮೀಕರಣದಲ್ಲಿ ಅದರ ಇನ್ನೊಂದು ಬದಿಗೆ ತನ್ನ ಹೆಸರಿನ ಮೂರು ಮೊದಲಕ್ಷರ ಬರುತ್ತಿದ್ದುದರಿಂದ. ಟಪಾಲಿನವನು ಓದಿದರೂ ತಿಳಿಯಬಾರದ ಹಾಗೆ ಬರೆಯುವುದರಲ್ಲಿ ಅವರಿಗೊಂದು ಖುಷಿ. ನಮ್ಮ ದೇಶಕ್ಕೆ ಪೋಸ್ಟ್ ಕಾರ್ಡು ಬಂದದ್ದು 1879ರಲ್ಲಿ. ಮ್ಯಾಕ್ಸ್‌ವೆಲ್ ತೀರಿಕೊಂಡ ವರ್ಷ, ಐನ್‌ಸ್ಟೈನ್ ಹುಟ್ಟಿದ ವರ್ಷ.

ಆ ವರ್ಷದ ಮಾರ್ಚಿನಲ್ಲಿ ಮ್ಯಾಕ್ಸ್‌ವೆಲ್ ಅಮೆರಿಕದ ಡೇವಿಡ್ ಟಾಡ್ ಎಂಬ ಖಗೋಳಜ್ಞನಿಗೆ ಒಂದು ಪತ್ರ ಬರೆದ. ಗುರುಗ್ರಹದ ಉಪಗ್ರಹಗಳ ಗ್ರಹಣಗಳನ್ನು ನೋಡಿ, ನಮ್ಮ ಸೌರಮಂಡಲ ಈಥರಿನಲ್ಲಿ ಯಾವ ಕಡೆ ಸಾಗುತ್ತಿದೆ ಎಂದು ಹೇಳಬಹುದೇ? ಭೂಮಿಯ ಮೇಲೆಯೇ ಅಳೆಯೋಣವೆಂದರೆ ಸಿಗುವ ವ್ಯತ್ಯಾಸ ಹತ್ತು ಕೋಟಿಯಲ್ಲಿ ಒಂದು ಪಾಲು, ಅಷ್ಟು ಸಣ್ಣದು ಕೈಗೆ ಸಿಗದು ಎಂಬ ಅರ್ಥದ ಮಾತೂ ಅದರಲ್ಲಿತ್ತು. ನವೆಂಬರಿನಲ್ಲಿ ಮ್ಯಾಕ್ಸ್‌ವೆಲ್ ತೀರಿಕೊಂಡ, 48 ವರ್ಷಕ್ಕೆ. ಟಾಡ್ ಇದ್ದ ಕಚೇರಿಯಲ್ಲೇ ಆಲ್ಬರ್ಟ್ ಮೈಕೆಲ್ಸನ್ ಎಂಬ ನೌಕಾಪಡೆಯ ಯುವಕನೂ ಕೆಲಸಕ್ಕೆ ಬಂದಿದ್ದ. ಇನ್ನೊಬ್ಬರ ಹೆಸರಿಗೆ ಬಂದ ಕಾಗದ ಅವನ ಬದುಕಿಗೆ ಕೆಲಸ ಹಚ್ಚಿತು. ಸಿಗದು ಅಂದದ್ದನ್ನು ಹಿಡಿಯುತ್ತೇನೆಂದು ಹೊರಟು 1881ರಲ್ಲಿ ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ಮೊದಲ ಪ್ರಯೋಗ ಮಾಡಿದ. ಏನೂ ಕಾಣಲಿಲ್ಲ. ಲೆಕ್ಕದಲ್ಲೂ ಒಂದು ತಪ್ಪಿತ್ತು. ಯಾರೂ ಗಮನ ಕೊಡಲಿಲ್ಲ, ಅವನು ಸೋತು ಕೈಬಿಟ್ಟ.

ಮತ್ತೆ ಎಬ್ಬಿಸಿದ್ದೂ ಒಂದು ಪತ್ರವೇ. ಲಾರ್ಡ್ ರೇಲಿ ಇಂಗ್ಲೆಂಡಿನಿಂದ ಬರೆದು, ಅದನ್ನು ಇನ್ನೊಮ್ಮೆ ಮಾಡು ಎಂದ. 1887ರ ಮಾರ್ಚಿನ ಉತ್ತರದಲ್ಲಿ ಮೈಕೆಲ್ಸನ್, ಗೆಳೆಯರಿಗೆಲ್ಲ ಹೇಳಿ ಸಾಕಾಗಿತ್ತು, ನಿಮ್ಮ ಕಾಗದ ಬಂದು ಮತ್ತೆ ಹುರುಪು ಹತ್ತಿಕೊಂಡಿತು ಎಂದು ಒಪ್ಪಿಕೊಳ್ಳುತ್ತಾನೆ. ಅದೇ ಬೇಸಿಗೆಯಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಎಡ್ವರ್ಡ್ ಮಾರ್ಲಿಯೊಂದಿಗೆ ಪ್ರಯೋಗ. ಪಾದರಸದ ಮೇಲೆ ತೇಲುವ ಕಲ್ಲಿನ ಚಪ್ಪಡಿ, ಅದರ ಮೇಲೆ ಕನ್ನಡಿಗಳು, ಎರಡು ದಿಕ್ಕಿಗೆ ಒಡೆದು ಹೋಗಿ ಮತ್ತೆ ಕೂಡುವ ಬೆಳಕು. ಆಗಸ್ಟ್ 17ಕ್ಕೆ ರೇಲಿಗೆ ವರದಿ: ಬೆಳಕಿನ ಪಟ್ಟಿಗಳು 0.40ರಷ್ಟು ಸರಿಯಬೇಕಿತ್ತು, ಹೆಚ್ಚೆಂದರೆ 0.02 ಸರಿದವು, ಸರಾಸರಿ 0.01ಕ್ಕಿಂತಲೂ ಎಷ್ಟೋ ಕಡಿಮೆ, ಅದೂ ಸರಿಯಬೇಕಾದ ಜಾಗದಲ್ಲಲ್ಲ.

ಈ ಪತ್ರ ಓದಿದ ರಾತ್ರಿ ನನಗೆ ಅನಂತಶಯನಗುಡಿ ನೆನಪಾಯಿತು. ಹೊಳಲಿನಲ್ಲಿ ಹುಟ್ಟಿದವರಿಗೆ ಆ ಕತೆ ಹೇಳಬೇಕಿಲ್ಲ. ಉಳಿದವರಿಗಾಗಿ: ನಮ್ಮೂರಿನಲ್ಲಿ ಶೇಷನ ಮೇಲೆ ಮಲಗಿದ ದೊಡ್ಡ ಅನಂತಶಯನ ಮೂರ್ತಿಯಿದೆ. ಕೃಷ್ಣದೇವರಾಯ ಅದನ್ನು ಹಂಪಿಯ ಕಡೆ ಒಯ್ಯಬೇಕೆಂದು, ಈಗಿನ ಹೊಸಪೇಟೆಯ ಹತ್ತಿರ 1524ರಲ್ಲಿ ಒಂದು ಗುಡಿ ಕಟ್ಟಿಸಿದ. ಮಲಗಿದ ದೇವರಿಗೆ ತಕ್ಕಂತೆ ಉದ್ದನೆಯ ಗರ್ಭಗುಡಿ, ಉದ್ದನೆಯ ಪೀಠ, ಮೇಲೆ ಇಟ್ಟಿಗೆಯ ಎತ್ತರದ ಕಮಾನು. ದೇವರು ಬರುತ್ತೇನೆ ಅಂದನಂತೆ, ಹಿಂತಿರುಗಿ ನೋಡಬೇಡ ಅಂದನಂತೆ, ರಾಜ ನೋಡಿದನಂತೆ, ದೇವರು ಹೊಳಲಿನಲ್ಲೇ ಉಳಿದನಂತೆ. ಗುಡಿ ಈಗಲೂ ಖಾಲಿಯಿದೆ. ಚಿಕ್ಕವನಿದ್ದಾಗ ಅಪ್ಪ ಒಮ್ಮೆ ಕರೆದುಕೊಂಡು ಹೋಗಿದ್ದ. ಬರಿದಾದ ಪೀಠವನ್ನು ನೋಡುತ್ತ, "ವಿಳಾಸ ಚಂದ ಬರದ್ರ ಆತೇನು ತಮ್ಮಾ, ಅಲ್ಲಿ ಇರಾವ ಒಪ್ಪಬೇಕಲ್ಲ" ಅಂದಿದ್ದ. ಈಥರಿಗೂ ಅಂಥದೇ ಗುಡಿ ಎದ್ದಿತ್ತು, ಹೆಚ್ಚು ಕಲಾತ್ಮಕವಾದದ್ದು. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಲಾರೆ. ನಮ್ಮ ದೇವರಾದರೋ ಹೊಳಲಿನಲ್ಲಿ ಇದ್ದಾನೆ.

ಪೀಠ ಖಾಲಿ ಕಂಡಾಗ ಕಟ್ಟಿದವರು ಏನು ಮಾಡಿದರು? ಡಬ್ಲಿನ್ನಿನ ಜಾರ್ಜ್ ಫಿಟ್ಜ್‌ಜೆರಾಲ್ಡ್ ಎಂಬ ಐರಿಶ್ ಪ್ರೊಫೆಸರ್ ನನಗೆ ಇವರಲ್ಲೆಲ್ಲ ಹೆಚ್ಚು ಇಷ್ಟವಾದವನು. ತನಗೆ ಹೊಳೆದದ್ದನ್ನು ಪತ್ರಗಳಲ್ಲಿ ಹಂಚಿಬಿಡುತ್ತಿದ್ದ. ಯಾರ ಹೆಸರಿಗೆ ಸೇರುತ್ತದೆ ಎಂಬ ಚಿಂತೆಯಿರಲಿಲ್ಲ. ಡೆವನ್‌ನಲ್ಲಿ ಕಿವಿ ಮಂದವಾಗಿ, ಬಡತನದಲ್ಲಿ, ಜನರಿಂದ ದೂರ ಬದುಕಿದ್ದ ಆಲಿವರ್ ಹೆವಿಸೈಡ್‌ಗೆ ಹೊರಗಿನ ವಿಜ್ಞಾನವೆಂದರೆ ಬಹುಪಾಲು ಇಂಥ ಪತ್ರಗಳೇ. ಈ ಫಿಟ್ಜ್‌ಜೆರಾಲ್ಡ್‌ಗೆ 1889ರಲ್ಲಿ ಒಂದು ವಿಚಿತ್ರ ಯೋಚನೆ ಬಂತು. ಈಥರಿನಲ್ಲಿ ಓಡುವ ವಸ್ತು ಓಡುವ ದಿಕ್ಕಿನಲ್ಲಿ ಚೂರು ಕುಗ್ಗಿದರೆ? ಕಲ್ಲಿನ ಚಪ್ಪಡಿಯೇ ಕುಗ್ಗಿದರೆ ವ್ಯತ್ಯಾಸ ಕಾಣುವುದು ಹೇಗೆ? ಬೇಕಾದ ಕುಗ್ಗುವಿಕೆ ಎಷ್ಟೆಂದರೆ ಇಡೀ ಭೂಮಿ ಆರೇಳು ಸೆಂಟಿಮೀಟರ್ ಕಿರಿದಾದರೆ ಸಾಕು. ಇದನ್ನು ಪುಟ್ಟ ಪತ್ರವಾಗಿ ಬರೆದು ಅಮೆರಿಕದ 'ಸೈನ್ಸ್' ಪತ್ರಿಕೆಗೆ ಹಾಕಿದ. ಆಗ ಆ ಪತ್ರಿಕೆ ಕಷ್ಟದಲ್ಲಿತ್ತು. ಪತ್ರ ಮುಟ್ಟಿತೋ, ಅಚ್ಚಾಯಿತೋ ನೋಡಲೂ ಇಲ್ಲ.

ಐದು ವರ್ಷ ಕಳೆದು, 1894ರ ನವೆಂಬರಿನಲ್ಲಿ ಹಾಲೆಂಡಿನಿಂದ ಹೆಂಡ್ರಿಕ್ ಲೊರೆಂಟ್ಸ್‌ನ ಪತ್ರ ಬಂತು. ನನಗೂ ಇದೇ ಯೋಚನೆ ಬಂದಿದೆ, ನಿಮಗೆ ಮೊದಲೇ ಬಂದಿತ್ತೆಂದು ಆಲಿವರ್ ಲಾಜ್ ಬರೆದದ್ದರಿಂದ ತಿಳಿಯಿತು, ಎಲ್ಲಿ ಪ್ರಕಟಿಸಿದ್ದೀರಿ, ಹೆಸರಿಸಬೇಕಲ್ಲ? ನಾಲ್ಕೇ ದಿನಕ್ಕೆ ಫಿಟ್ಜ್‌ಜೆರಾಲ್ಡ್ ಉತ್ತರಿಸಿದ. 'ಸೈನ್ಸ್'ಗೆ ಕಳಿಸಿದ್ದೆ, ಅವರು ಹಾಕಿದರೋ ಇಲ್ಲವೋ ಗೊತ್ತಿಲ್ಲ. ನೀವು ಒಪ್ಪಿದ್ದು ಸಂತೋಷ, ಇಲ್ಲಿ ಇದಕ್ಕಾಗಿ ನನ್ನನ್ನು ನೋಡಿ ನಗುತ್ತಿದ್ದರು. 1901ರಲ್ಲಿ, ಐವತ್ತು ತುಂಬುವ ಮೊದಲೇ, ಅವನು ತೀರಿಕೊಂಡ. ಆ ಪತ್ರ 1889ರ ಮೇ ತಿಂಗಳಲ್ಲೇ ಅಚ್ಚಾಗಿತ್ತು. ಅದನ್ನು ಮತ್ತೆ ಹುಡುಕಿ ತೆಗೆದು ಲೋಕಕ್ಕೆ ತೋರಿಸಿದ್ದು 1967ರಲ್ಲಿ, ಸ್ಟೀಫನ್ ಬ್ರಶ್ ಎಂಬ ವಿಜ್ಞಾನ ಚರಿತ್ರೆಕಾರ.

ಮಿಕ್ಕದ್ದು ನಿಮಗೆ ಗೊತ್ತಿರುವ ಕತೆ. ಇಪ್ಪತ್ತು ವರ್ಷದ ಐನ್‌ಸ್ಟೈನ್ 1899ರಲ್ಲಿ ಗೆಳತಿ ಮಿಲೆವಾಗೆ ಬರೆದ ಕಾಗದದಲ್ಲೇ, ಈಥರ್ ಎಂಬ ಹೆಸರಿಗೆ ಅರ್ಥವೇನಾದರೂ ಇದೆಯೇ ಎಂದು ಅನುಮಾನಿಸಿದ. 1905ರಲ್ಲಿ ಅದು ಬೇಕಿಲ್ಲ ಅಂದ. ಪಾಠದಲ್ಲಿ ನಾನು ಅಲ್ಲಿಗೆ ನಿಲ್ಲಿಸುತ್ತಿದ್ದೆ. ಆದರೆ 1916ರ ಜೂನ್‌ನಲ್ಲಿ ಅದೇ ಐನ್‌ಸ್ಟೈನ್ ಲೊರೆಂಟ್ಸ್‌ಗೆ ಪತ್ರ ಬರೆದು, ನನ್ನ ಹೊಸ ಸಿದ್ಧಾಂತ ಹಳೆಯದಕ್ಕಿಂತ ಈಥರಿಗೆ ಹತ್ತಿರವಿದೆ ಎಂದು ಒಪ್ಪಿದ್ದು, 1920ರಲ್ಲಿ ಲೈಡನ್‌ನ ಭಾಷಣದಲ್ಲಿ, ದೇಶಕ್ಕೇ ಗುಣಗಳಿವೆ ಎಂಬ ಅರ್ಥದಲ್ಲಿ ಈಥರ್ ಇದೆ, ಅದು ಚಲಿಸುತ್ತದೆ ಎಂದು ಮಾತ್ರ ಹೇಳಕೂಡದು ಎಂದದ್ದು ನನ್ನ ಪಾಠದಲ್ಲಿ ಎಂದೂ ಬಂದಿರಲಿಲ್ಲ. ಅಂದರೆ 'ಏನೂ ಬೇಡ' ಎಂಬ ನನ್ನ ಕಾರ್ಡು ಒರಟಷ್ಟೇ ಅಲ್ಲ, ಅರ್ಧ ತಪ್ಪು ಕೂಡ.

ಆಲಿವರ್ ಲಾಜ್ ಮಾತ್ರ ಕೊನೆಗೂ ಬಿಡಲಿಲ್ಲ. ತಂತಿಯಿಲ್ಲದೆ ಸುದ್ದಿ ಕಳಿಸಬಹುದೆಂದು 1894ರಲ್ಲೇ ತೋರಿಸಿದವರಲ್ಲಿ ಅವನೊಬ್ಬ. 1915ರಲ್ಲಿ ಅವನ ಮಗ ರೇಮಂಡ್ ಯುದ್ಧದಲ್ಲಿ ಸತ್ತ. ಸತ್ತವರು ಈಥರಿನಲ್ಲಿ ಇರುತ್ತಾರೆ, ಅಲ್ಲಿಂದ ಮಾತು ಬರುತ್ತದೆ ಎಂದು ಲಾಜ್ ನಂಬಿದ, ಮಗನ ಹೆಸರಿನಲ್ಲೇ ಪುಸ್ತಕ ಬರೆದ. ಹುಡುಗರಿಗೆ ಹೇಳಿ ನಗಿಸಬಹುದಾದ ಸಂಗತಿ. ನನಗೆ ಹೇಳಲಾಗಿಲ್ಲ.

ನಮ್ಮ ಭಾಷೆಯೂ ಬಿಡಲಿಲ್ಲ. ಐನ್‌ಸ್ಟೈನ್ ಬೇಡವೆಂದು ಮೂವತ್ತು ವರ್ಷವಾಗಿತ್ತು, 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. ಅದಕ್ಕಿಟ್ಟ ಹೆಸರು 'ಆಕಾಶವಾಣಿ'. ಆ ಹೆಸರು ಸೂಚಿಸಿದವರು ನಾ. ಕಸ್ತೂರಿ ಎನ್ನುತ್ತಾರೆ. ನಮ್ಮ ವೈಶೇಷಿಕರಿಗೆ ಆಕಾಶವೆಂದರೆ ಬರೀ ಮೇಲಿನ ನೀಲಿಯಲ್ಲ, ಎಲ್ಲೆಲ್ಲೂ ತುಂಬಿರುವ ದ್ರವ್ಯ. ಶಬ್ದ ಅದರ ಗುಣ. ಅಪ್ಪ ಕೇಳುತ್ತಿದ್ದ ಪೆಟ್ಟಿಗೆಯ ಹೆಸರಿನಲ್ಲೇ ಅವನ ಪ್ರಶ್ನೆಗೆ ಒಂದು ಹಳೆಯ ಉತ್ತರ ಅಡಗಿತ್ತು. ಅವನು ಅದಕ್ಕಿಂತ ಒಳ್ಳೆಯ ಉತ್ತರ ಕೇಳಿದ್ದ.

ಈ ಸಲ ದೀಪಾವಳಿಗೆ ಊರಿಗೆ ಹೋದಾಗ ಒಂದು ನೂರು ಪುಟದ ನೋಟ್‌ಬುಕ್ ಒಯ್ದೆ. ಅಪ್ಪನಿಗೆ ಈಗ 84. ಕಣ್ಣು ಪರವಾಗಿಲ್ಲ, ಕಿವಿ ಪೂರ್ತಿ ಹೋಗಿದೆ. ಕಿವಿಯ ಮಷೀನು ಕುಯ್ಯೆನ್ನುತ್ತದೆ ಎಂದು ತೆಗೆದಿಟ್ಟಿದ್ದಾನೆ. ಹೇಳಬೇಕಾದ್ದನ್ನೆಲ್ಲ ಬರೆದೇ ತೋರಿಸಬೇಕು. ಎರಡು ಸಂಜೆ ಕೂತು ದಪ್ಪ ಅಕ್ಷರದಲ್ಲಿ ಬರೆದೆ. ನೀನು ಒಂದು ಪ್ರಶ್ನೆ ಕೇಳಿದ್ದೆ, ನಾನು ತಪ್ಪು ಉತ್ತರ ಕೊಟ್ಟಿದ್ದೆ ಎಂದು ಶುರು ಮಾಡಿದೆ. ರಟ್ಟು ಕಟ್ಟುವ ಹುಡುಗ, ಕಲ್ಲಿನ ಚಪ್ಪಡಿ, ಐರ್ಲೆಂಡಿನವನ ಕಾಗದ ಎಲ್ಲ ಬರೆದೆ. ನೀರು, ಗಾಳಿ ಇದ್ದಂತೆ ಅಲ್ಲಿ ಅಲುಗುವ ವಸ್ತುವಿಲ್ಲ. ಒಂದೊಂದು ಜಾಗಕ್ಕೂ ಒಂದು ಬಿಗಿ ಇರುತ್ತದೆ, ಅದು ಹೆಚ್ಚುಕಡಿಮೆಯಾಗುವುದೇ ಅಲೆ. ಅದಕ್ಕೆ ಕ್ಷೇತ್ರ ಅನ್ನುತ್ತೇವೆ. ಅದು ಯಾತರ ಬಿಗಿ ಎಂದು ಕೇಳಿದರೆ ನನಗೂ ಸಮೀಕರಣ ಬಿಟ್ಟು ಬೇರೆ ಮಾತು ಬರುವುದಿಲ್ಲ ಎಂದೂ ಬರೆದೆ.

ಅಪ್ಪ ಜಗುಲಿಯ ಮೇಲೆ ಕೂತು, ಸಾಲಿನ ಮೇಲೆ ಬೆರಳಿಟ್ಟು ಓದಿದ. ಬೇರೆಯವರ ಕಾಗದ ಓದುತ್ತಿದ್ದನಲ್ಲ, ಅದೇ ರೀತಿ, ತುಟಿ ಮಾತ್ರ ಅಲುಗಿಸುತ್ತ. ಅವ್ವ ಚಾ ತಂದಿಟ್ಟಳು, ಆರಿಹೋಯಿತು. ಈಥರಿನ ಭಾಗವನ್ನು ದಾಟಿಹೋದ. ಪೋಸ್ಟ್ ಕಾರ್ಡಿನ ವಿಷಯ ಬಂದಲ್ಲಿ ಬೆರಳು ನಿಲ್ಲಲೇ ಇಲ್ಲ. ಐರ್ಲೆಂಡಿನವನ ಹತ್ತಿರ ನಿಂತಿತು. ಅಲ್ಲಿ ಎರಡು ಸಲ ಓದಿ ತಲೆಯೆತ್ತಿದ.

"ಇವಂದು ಕಾಗದ ಮುಟ್ಟಿತ್ತು ಅಂದಂಗಾತು."

ಹೌದೆಂದು ತಲೆಯಾಡಿಸಿದೆ.

"ಮುಟ್ಟಿ ಅಚ್ಚೂ ಆಗಿತ್ತು. ಇವಗ ಯಾರೂ ಹೇಳಲಿಲ್ಲೇನು?"

'ಇಲ್ಲ. ಸಿಕ್ಕಾಗ ಅವನು ಸತ್ತು 66 ವರ್ಷ ಆಗಿತ್ತು' ಎಂದು ಬರೆದೆ.

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಬಹಳ ಹೊತ್ತು ಒರೆಸಿದ.

"ರಿಜಿಸ್ಟರ್ ಮಾಡಿ ಎ.ಡಿ. ಹಚ್ಚಬೇಕಿತ್ತು ತಮ್ಮಾ" ಅಂದ. "ನಾಕು ಕಾಸು ಹೆಚ್ಗಿ ಹೋಗ್ತಿತ್ತು, ಅಷ್ಟ."